ಒರೆಸುವ ಹಗ್ಗ

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಪಟಾಲಮಿನಲ್ಲಿ ಮೂವತ್ತು ವರ್ಷ ಕೋವಿ ರಿಪೇರಿ ಮಾಡಿ ಬಂದ ಹವಿಲ್ದಾರ್ ಮಾದಪ್ಪನವರು ಅಲ್ಲಿದ್ದರು. ಮಾತು ಕಡಿಮೆ, ಊಟ ಒಂದೇ ಹೊತ್ತು. ಊರವರು ಕುಚೋದ್ಯಕ್ಕೆ ಅದನ್ನು ಆಶ್ರಮ ಎನ್ನುತ್ತಿದ್ದರು. ಅವರೂ ಬೇಡವೆನ್ನಲಿಲ್ಲ.

ವನಜಾಕ್ಷಿ ಅವರ ಶಿಷ್ಯೆ. ಅಂಚೆ ಕಚೇರಿಯ ಗುಮಾಸ್ತೆ. ಗುರಿ ಹೊಡೆಯುವುದನ್ನು ಕಲಿಯಬೇಕೆಂಬ ಚಿಕ್ಕಂದಿನ ಆಸೆಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಧೈರ್ಯ ಬಂದಿತ್ತು. ಅದೂ ಅರ್ಧ ಧೈರ್ಯ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿಯ ಕೊನೆಯಿಂದ ತಿರುಗಿ ಬಂದು ನಾಲ್ಕನೆಯ ಸಲ ಎಳೆಯುವ ಹೆಂಗಸು ಅವಳು.

ಆರು ತಿಂಗಳು ಮಾದಪ್ಪ ಅವಳ ಕೈಗೆ ಒಂದು ಗುಂಡೂ ಕೊಡಲಿಲ್ಲ. ತಮ್ಮ ಹಳೆಯ ರೈಫಲ್ ಕೊಟ್ಟು, ಬಿಚ್ಚು, ಜೋಡಿಸು, ಒರೆಸು ಎಂದರು.

ಒರೆಸಲು ಒಂದು ಹಗ್ಗ. ಅದಕ್ಕೆ ಎಣ್ಣೆಬಟ್ಟೆ ಸಿಕ್ಕಿಸಿ, ನಳಿಗೆಯ ಹಿಂದಿನಿಂದ ಇಳಿಬಿಟ್ಟು ಕೋವಿಯ ಬಾಯಿಂದ ಹೊರಗೆ ಎಳೆಯಬೇಕು. ವಾರಕ್ಕೊಮ್ಮೆ ಸಾಕು ಎಂದಿದ್ದರು. ಅವಳು ಬಂದಾಗಲೆಲ್ಲ ಮೂರು ಸಲ ಎಳೆದಳು. ಹಗ್ಗ ಎರಡು ಸಲ ತುಂಡಾಯಿತು. ಮಾದಪ್ಪ ಎರಡು ಸಲವೂ ಹೊಸದು ಕೊಟ್ಟರು.

ಒಂದು ದಿನ ಕೇಳಿದರು. "ಲೈಸೆನ್ಸ್ ಬಂತಾ?"

"ಬಂತು ಗುರುಗಳೇ."

"ಕಾಳಪ್ಪನವರ ಮನೇಲಿ ಎರಡು ಹಳೇ ಪಟಾಲಮ್ ರೈಫಲ್ ಮಾರಾಟಕ್ಕಿದೆಯಂತೆ. ನಿನ್ನದನ್ನ ನೀನೇ ಆರಿಸು. ಆರಿಸೋಕೆ ಬರದವರಿಗೆ ನಾನು ಗುರಿ ಕಲಿಸಲ್ಲ."

ಹಿಂದೆ ಇಬ್ಬರು ಹೀಗೇ ಹೋಗಿ, ತಪ್ಪು ಕೋವಿ ಹಿಡಿದು ಬಂದು, ಗುರುಗಳಿಂದ ನಮಸ್ಕಾರ ಹೇಳಿಸಿಕೊಂಡು ಮನೆಗೆ ಹೋಗಿದ್ದರು. ಅದು ವನಜಾಕ್ಷಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾಳಪ್ಪನವರ ಜಗಲಿಯಲ್ಲಿ ಮಾದಪ್ಪ ಒಂದು ಮೂಲೆ ಹಿಡಿದು ಕೂತರು. ಕಾಳಪ್ಪ ಎರಡು ರೈಫಲ್ ತಂದು ಚಾಪೆಯ ಮೇಲಿಟ್ಟರು.

ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದರ ಮರವೆಲ್ಲ ಗೀರು, ಕಬ್ಬಿಣವೆಲ್ಲ ಮಾಸಲು.

"ನಮ್ಮಜ್ಜ, ಅಜ್ಜನ ತಮ್ಮ, ಇಬ್ಬರೂ ಬ್ರಿಟಿಷರ ಕಾಲದ ಪಟಾಲಮಿನಲ್ಲಿದ್ದರು," ಎಂದರು ಕಾಳಪ್ಪ. "ಪಟಾಲಂ ಮುಚ್ಚಿದಾಗ ಅವರವರ ರೈಫಲನ್ನ ಅವರವರೇ ಹರಾಜಿನಲ್ಲಿ ಹಿಡಿದರು. ಹೊಳೆಯೋದು ಅಜ್ಜಂದು."

ವನಜಾಕ್ಷಿಯ ಅಂಗೈ ಬೆವರುತ್ತಿತ್ತು. ಸೆರಗಿಗೆ ಒರೆಸಿಕೊಂಡಳು. ಮೊದಲು ಎರಡರ ಬೋಲ್ಟನ್ನೂ ತೆರೆದು, ಬೆರಳು ಹಾಕಿ, ಒಳಗೆ ಗುಂಡಿಲ್ಲವೆಂದು ನೋಡಿಕೊಂಡಳು. ಮತ್ತೊಮ್ಮೆ ನೋಡಿದಳು. ಎರಡರಲ್ಲೂ ಬೋಲ್ಟಿನ ನಂಬರು, ಕೋವಿಯ ಮೈಮೇಲಿನ ನಂಬರು ಹೊಂದುತ್ತಿದ್ದವು. ಮರ ಸೀಳಿರಲಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದಳು. ಅಜ್ಜನದು ಒಳಗೂ ಫಳಫಳ. ತಮ್ಮನದು ಒಳಗೂ ಮಂಕು.

"ಅಜ್ಜ ತುಂಬಾ ಹೊಡೆದಿದ್ದರಾ?" ಎಂದು ಕೇಳಿದಳು.

"ಎಲ್ಲಿ ಬಂತು! ಇಪ್ಪತ್ತೋ ಮೂವತ್ತೋ ಗುಂಡು. ತಪಾಸಣೇಲಿ ಒಂದು ಚುಕ್ಕಿ ಸಿಕ್ಕಿದರೂ ಶಿಕ್ಷೆ ಅಂತ ಹೆದರಿ ದಿನಾ ಒರೆಸೋರು. ಪಟಾಲಂ ಬಿಟ್ಟು ಮನೆಗೆ ಬಂದ ಮೇಲೂ ಒರೆಸೋರು. ಚಿಕ್ಕಜ್ಜ ಮಾತ್ರ ಹೊಡೆದೂ ಹೊಡೆದೂ, ವಾರಕ್ಕೊಂದು ದಿನ ಒರೆಸಿ ಗೋಡೆಗೆ ಒರಗಿಸೋರು."

ವನಜಾಕ್ಷಿಗೆ ಹೋದ ಜೀವ ಬಂದಂತಾಯಿತು. ಗುರುಗಳ ಬಳಿ ಓಡಿ ಬಂದಳು.

"ಹೊಳೆಯೋದೇ ಸರಿ ಗುರುಗಳೇ. ಹೊಡೆದಿರೋದು ಕಡಿಮೆ, ನೋಡಿಕೊಂಡಿರೋದು ಹೆಚ್ಚು."

ಮಾದಪ್ಪ ಜೇಬಿನಿಂದ ಮದ್ದಿಲ್ಲದ ಖಾಲಿ ತೋಟಾ ಒಂದನ್ನು ತೆಗೆದರು. ತುದಿಯಲ್ಲಿ ಗುಂಡು ಮಾತ್ರ ಇತ್ತು.

"ಗುಂಡಿನ ಮೂತೀನ ಕೋವಿ ಬಾಯಿಗಿಡು. ಎರಡಕ್ಕೂ."

ಚಿಕ್ಕಜ್ಜನ ಕೋವಿಯಲ್ಲಿ ಗುಂಡು ಅರ್ಧಕ್ಕೆ ನಿಂತಿತು, ಬಿಗಿಯಾಗಿ. ಅಜ್ಜನ ಕೋವಿಯಲ್ಲಿ ತೋಟಾದ ಕಂಠದವರೆಗೂ ಇಳಿದು ಲೊಡಲೊಡ ಅಲ್ಲಾಡಿತು. ಅವಳು ಬೆರಳು ಆಡಿಸಿದಳು. ಬಾಯಿಯ ಒಂದು ಪಕ್ಕ ಸವೆದು ಕಚ್ಚು ಬಿದ್ದಿತ್ತು. ಇಂಥ ಬಾಯಿಂದ ಹೊರಟ ಗುಂಡು ಗುರಿಗೆ ಹೋಗುವುದಿಲ್ಲ ಎಂಬಷ್ಟು ಅವಳಿಗೂ ಗೊತ್ತಿತ್ತು.

"ಇಪ್ಪತ್ತು ಗುಂಡಿಗೆ ಇಷ್ಟು ಸವೆಯುತ್ತಾ ಗುರುಗಳೇ?"

"ಸವೆಯಲ್ಲ."

"ಮತ್ತೆ?"

ಮಾದಪ್ಪ ಅವಳ ಚೀಲಕ್ಕೆ ಕೈ ಹಾಕಿ ಅವಳ ಒರೆಸುವ ಹಗ್ಗವನ್ನು ಹೊರಗೆ ತೆಗೆದರು. ಮೂರನೆಯ ಹಗ್ಗ. ಅದೂ ನಡುವೆ ನೂಲು ನೂಲಾಗಿತ್ತು. ಅದನ್ನು ಸವೆದ ಬಾಯಿಯ ಪಕ್ಕಕ್ಕೆ ಇಟ್ಟರು. ಆ ಕಚ್ಚಿನೊಳಗೆ ಹಗ್ಗ ಅಚ್ಚುಕಟ್ಟಾಗಿ ಕೂತಿತು.

ವನಜಾಕ್ಷಿಯ ಮುಖ ಬಿಳಿಚಿತು. ಕಾಳಪ್ಪನವರ ಅಜ್ಜನನ್ನು ಅವಳು ಕಂಡಿರಲಿಲ್ಲ. ಆದರೂ ಆ ಮುದುಕನ ಕೈ, ಆ ಎಳೆತ, ಎಳೆದಾದ ಮೇಲೂ ಮನಸ್ಸಿಗೆ ಸಿಗದ ಸಮಾಧಾನ, ಎಲ್ಲ ಅವಳಿಗೆ ತನ್ನದೇ ಅನ್ನಿಸಿತು. ಅಳು ಬಂತು.

"ನಾನು ತಪ್ಪಿದೆ ಗುರುಗಳೇ. ಮನೆಗೆ ಹೋಗಲಾ?"

"ಆರಿಸಿದ್ದು ಮುಗೀತಾ?"

ಅವಳು ಕಣ್ಣೊರೆಸಿಕೊಂಡಳು. ಗೀರು ಬಿದ್ದ ಮಾಸಲು ರೈಫಲನ್ನು ಎತ್ತಿಕೊಂಡಳು.

"ಇದು."

ಕಾಗದ ಪತ್ರ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಕಾಳಪ್ಪ ದಪ್ಪ ಬಟ್ಟೆಯ ಗವಸು ಕೊಟ್ಟರು. ರೈಫಲನ್ನು ಅದರೊಳಗೆ ಇಳಿಸುವ ಮುಂಚೆ ವನಜಾಕ್ಷಿ ಬೋಲ್ಟ್ ತೆರೆದು ನೋಡಿದಳು. ಮುಚ್ಚಿದಳು. ಮತ್ತೆ ತೆರೆದಳು. ನಳಿಗೆಯನ್ನು ಬೆಳಕಿಗೆ ಹಿಡಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಅವಳ ಕೈ ತಾನಾಗಿ ಹಗ್ಗಕ್ಕೆ ಚಾಚಿತು.

ಹಗ್ಗ ಮಾದಪ್ಪನವರ ಕೈಯಲ್ಲಿತ್ತು.

ಅವರು ರೈಫಲನ್ನು ಗವಸಿಗೆ ಇಳಿಸಿ, ಗವಸಿನ ಬಾಯಿಗೆ ಅದೇ ಹಗ್ಗ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಅವಳ ತೋಳಿಗಿಟ್ಟರು.

"ಇನ್ನೊಂದು ಸಲ ಒರೆಸಬೇಕಿತ್ತು," ಎಂದಳು ಅವಳು. "ಅಷ್ಟರಲ್ಲಿ ತುಕ್ಕು ಹಿಡಿದರೆ?"

"ಎಂಬತ್ತು ವರ್ಷ ಹಿಡೀದ ತುಕ್ಕು ಒಂದು ವಾರಕ್ಕೆ ಹಿಡಿಯುತ್ತಾ?"

ವನಜಾಕ್ಷಿ ಗಂಟನ್ನೇ ನೋಡುತ್ತ ನಿಂತಳು.

"ನನಗೆ ಗುರಿ ಕಲಿಸ್ತೀರಾ ಗುರುಗಳೇ?"

ಮಾದಪ್ಪ ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದರು.

"ಭಾನುವಾರ ಬಾ. ಗಂಟು ನಾನು ಹಾಕಿದ ಹಾಗೇ ಇದ್ದರೆ, ಮೊದಲನೇ ಗುಂಡು ನಿನ್ನದು."