ಬುಧವಾರ ಕೊಟ್ಟ ಹಣ್ಣು

“ಬುದ್ಧಿ, ನಮಗೆ ಬೇಕಾದವರ ಮುಖ ಕಾಯಿಲೆಯಿಂದ ಕೆಟ್ಟುಹೋಗುತ್ತಿರುವಾಗ, ಅದನ್ನು ನೋಡದೆ ಚೆನ್ನಾಗಿದ್ದಾಗಿನ ಮುಖವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡರೆ ತಪ್ಪೇನು?”

ಕೇಳಿದವನು ರೇವಣಸಿದ್ದ, ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿರುವವನು. ಸ್ವಾಮಿಗಳು ಅಡುಗೆಮನೆಯ ಜಗಲಿಯ ಮೇಲೆ ಕೂತು ಮಧ್ಯಾಹ್ನದ ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರ ಮುಖ?” ಎಂದರು.

“ನಮ್ಮಕ್ಕನದು.”

ತಾಯಿ ಹೋದ ಮೇಲೆ ರೇವಣಸಿದ್ದನನ್ನು ಎತ್ತಿ ಆಡಿಸಿ ಸಾಕಿದವಳು ಈ ಅಕ್ಕ, ಸರ್ವಮಂಗಳಮ್ಮ. ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಕೈಚೆಲ್ಲಿದ್ದರು. ಒಂದು ಸಲ ಬಂದು ಹೋಗಪ್ಪ, ನಿನ್ನನ್ನೇ ಕೇಳುತ್ತಾಳೆ ಎಂದು ಭಾವ ಫೋನು ಮಾಡಿದ್ದರು. ಮೊದಲ ಸಲ ರೇವಣಸಿದ್ದ ಪರೀಕ್ಷೆ ಇದೆ ಎಂದ. ಎರಡನೆಯ ಸಲ ಜ್ವರ ಎಂದ. ಮೂರನೆಯ ಸಲ ಫೋನು ಎತ್ತಲೇ ಇಲ್ಲ. ಅವಳು ಬರೀ ಮೂಳೆ ಚಕ್ಕಳ, ಗುರುತೇ ಸಿಗುವುದಿಲ್ಲ ಎಂದು ನೋಡಿ ಬಂದವರು ಹೇಳಿದ್ದರು. ಅದನ್ನು ಕೇಳಿದ ಮೇಲೆ ಅವನಿಗೆ ಹೊರಡಲು ಕಾಲೇ ಏಳಲಿಲ್ಲ.

“ನನಗೆ ಅಕ್ಕ ಎಂದರೆ ಕೆನ್ನೆ ತುಂಬ ಅರಿಸಿನ ಹಚ್ಚಿಕೊಂಡು ನಗುವ ಮುಖ, ಬುದ್ಧಿ. ಈಗ ಹೋಗಿ ನೋಡಿಬಿಟ್ಟರೆ ಅದು ಅಳಿಸಿಹೋಗುತ್ತದೆ. ಆಮೇಲೆ ಇರುವ ತನಕ ಇದೇ ಕಣ್ಣಿಗೆ ಕಟ್ಟುತ್ತದೆ. ನನಗೆ ಭಯ.”

“ಸದ್ಯ, ಭಯ ಅಂತ ಒಪ್ಪಿಕೊಂಡೆಯಲ್ಲ! ಇದಕ್ಕೂ ಒಂದು ಶ್ಲೋಕ ಹುಡುಕಿಕೊಂಡು ಬಂದಿದ್ದೀಯೇನೋ ಅಂದುಕೊಂಡಿದ್ದೆ,” ಎಂದರು ಸ್ವಾಮಿಗಳು. “ಕೂತ್ಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ.”

ರೇವಣಸಿದ್ದ ಕೂತು ಮೊರಕ್ಕೆ ಕೈ ಹಾಕಿದ. ಸ್ವಾಮಿಗಳು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ದೇವರನ್ನೂ ಬರೆಯುತ್ತಿರಲಿಲ್ಲ, ದೊರೆಗಳನ್ನೂ ಬರೆಯುತ್ತಿರಲಿಲ್ಲ. ತಟ್ಟೆಯಲ್ಲಿ ಒಂದು ಹಣ್ಣು, ಪಕ್ಕದಲ್ಲಿ ಒಂದು ಚೊಂಬು, ಇಷ್ಟೇ ಅವನ ಪ್ರಪಂಚ. ನೀರುಬಣ್ಣದಲ್ಲಿ ಬರೆಯುತ್ತಿದ್ದ. ಆ ಕೆಲಸದ ಕಟ್ಟುಪಾಡೇ ಬೇರೆ. ಬಿಳಿ ಬಣ್ಣ ಮುಟ್ಟುವಂತಿಲ್ಲ; ಬೆಳಕು ಬಿದ್ದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಒಂದು ಪದರ ಹಚ್ಚಿದರೆ ಒಣಗುವ ತನಕ ಕಾಯಬೇಕು, ಆಮೇಲೆ ಇನ್ನೊಂದು. ಒಂದು ಚಿತ್ರಕ್ಕೆ ಎಂಟು ದಿನವಾದರೂ ಹಿಡಿಯುತ್ತಿತ್ತು.

ಈ ಮಹಾರಾಯನಿಗೆ ಏನೊಂದು ಕೆಡುವುದನ್ನೂ ನೋಡಲು ಆಗುತ್ತಿರಲಿಲ್ಲ. ಹೂವು ಬಾಡುವ ಮೊದಲೇ ತೆಗೆದು ಎಸೆಯುತ್ತಿದ್ದ. ಅಂಥವನು ಮಾಗಿದ ಮಾವಿನ ಹಣ್ಣನ್ನು ಬರೆಯಲು ಕೂತ, ನೋಡು! ಹಣ್ಣು ಎಂಟು ದಿನ ಇವನಿಗಾಗಿ ಕಾಯುತ್ತದೆಯೇ? ಮೂರನೆಯ ದಿನ ತೊಟ್ಟಿನ ಹತ್ತಿರ ಒಂದು ಕಪ್ಪು ಚುಕ್ಕೆ ಬಂತು. ಕಂಡದ್ದೇ ತಡ, ಹಣ್ಣು ತಿಪ್ಪೆಗೆ, ಇವನು ಮಾರ್ಕೆಟ್ಟಿಗೆ. ಅಷ್ಟೇ ಗಾತ್ರದ, ಅದೇ ಬಣ್ಣದ ಇನ್ನೊಂದನ್ನು ತಂದು ಅದೇ ಜಾಗದಲ್ಲಿ ಇಟ್ಟ. ಎರಡು ದಿನ ಕಳೆದು ಮತ್ತೊಂದು ತಂದ. ಚಿತ್ರ ಮುಗಿಯುವ ಹೊತ್ತಿಗೆ ತಟ್ಟೆಯ ಮೇಲೆ ನಾಲ್ಕು ಹಣ್ಣು ಬಂದು ಹೋಗಿದ್ದವು. ಒಂದರ ಮೇಲೂ ಕಲೆಯಿಲ್ಲ. ಎಂಥಾ ಉಪಾಯ ಮಾಡಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹಣ್ಣು ಕೊಡುತ್ತಿದ್ದ ಮುದುಕಿಗೆ ಚಿತ್ರ ತೋರಿಸಿದ. ಮುದುಕಿ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

“ಚೆನ್ನಾಗಿದೆ ಕಣಪ್ಪ. ಆದರೆ ಇದು ಯಾವ ಹಣ್ಣು?”

“ಮಾವು, ಅಜ್ಜಿ. ನಿನ್ನ ಹತ್ತಿರವೇ ಕೊಂಡದ್ದು.”

“ನನ್ನ ಹತ್ತಿರವಾ? ನಲವತ್ತು ವರ್ಷದಿಂದ ಮಾವು ಮಾರುತ್ತಿದ್ದೇನೆ, ಇದನ್ನು ಕಂಡಿಲ್ಲ. ಮೇಲೆ ನೋಡಿದರೆ ಬಾದಾಮಿ, ಕೆಳಗೆ ರಸಪುರಿ. ಹಣ್ಣು ಈ ಕಡೆ ವಾಲಿದೆ, ನೆರಳು ಇನ್ನೊಂದು ಹಣ್ಣಿನದು. ಇಂಥದ್ದು ಯಾವ ಮರದಲ್ಲೂ ಬಿಟ್ಟಿಲ್ಲ ಬಿಡು.”

ಚಿತ್ರಗಾರ ಪೆಚ್ಚಾದ. ನಡೆದದ್ದನ್ನೆಲ್ಲ ಹೇಳಿದ. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಬುಟ್ಟಿಯಿಂದ ಒಂದು ಹಣ್ಣನ್ನು ಆರಿಸಿ ಅವನ ಕೈಯಲ್ಲಿಟ್ಟಳು.

“ತಗೋ. ಚಿತ್ರ ಮುಗಿಯುವ ತನಕ ನಿನಗೆ ಇನ್ನೊಂದು ಕೊಡುವುದಿಲ್ಲ, ನಡಿ.”

ಅವನು ಆ ಹಣ್ಣನ್ನು ಇಟ್ಟುಕೊಂಡು ಕೂತ. ಮೊದಲ ದಿನ ಹಳದಿ ಹಚ್ಚಿದ. ಮೂರನೆಯ ದಿನ ಚುಕ್ಕೆ ಬಂತು. ಅಭ್ಯಾಸಬಲ, ಕೈ ಹಣ್ಣಿನ ಕಡೆಗೇ ಹೋಯಿತು. ಮುದುಕಿಯ ಮಾತು ನೆನಪಾಗಿ ಹಿಂದಕ್ಕೆ ತೆಗೆದ. ಅಷ್ಟು ಒಳ್ಳೆಯ ಹಳದಿಯ ಮೇಲೆ ಕಪ್ಪು ಹಚ್ಚಬೇಕಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಹಚ್ಚಿದ. ಹೋಯಿತು, ಹಳದಿ ಹೋಯಿತು ಎಂದುಕೊಂಡ. ಒಣಗಿದ ಮೇಲೆ ನೋಡಿದರೆ ಹಳದಿ ಅಲ್ಲೇ ಇತ್ತು, ಕಪ್ಪಿನ ಅಡಿಯಿಂದ ಕಾಣುತ್ತಿತ್ತು. ನೀರುಬಣ್ಣದ ಗುಣವೇ ಅದು. ಇಷ್ಟು ವರ್ಷ ಬರೆದವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆದರಿಕೆಯಲ್ಲಿ ಮರೆತಿದ್ದ.

ಐದನೆಯ ದಿನ ಸಿಪ್ಪೆ ಸುಕ್ಕಾಯಿತು. ಆರನೆಯ ದಿನ ಒಂದು ಪಕ್ಕ ಕುಸಿದು ರಸ ಒಸರಿತು. ನೊಣ ಮುತ್ತಿದವು, ವಾಸನೆ ಬಂತು. ಮೂಗಿಗೆ ಟವೆಲು ಕಟ್ಟಿಕೊಂಡ, ಎಡಗೈಯಲ್ಲಿ ನೊಣ ಓಡಿಸುತ್ತ ಬಲಗೈಯಲ್ಲಿ ಬರೆದ. ನೋಡುತ್ತ ನೋಡುತ್ತ, ಅದರ ತೊಟ್ಟಿನ ಬಳಿ ಪಕ್ಕದ ರೆಂಬೆ ಉಜ್ಜಿದ ಒಂದು ಸಣ್ಣ ಗೀರು ಇರುವುದು ಕಣ್ಣಿಗೆ ಬಿತ್ತು. ಅದನ್ನೂ ಬರೆದ. ಎಂಟನೆಯ ದಿನ ಕುಂಚ ತೊಳೆದಿಟ್ಟು ಅತ್ತ. ಒಂದು ಹಣ್ಣಿಗೆ ಅಳುತ್ತಾರೆಯೇ ಎಂದು ಕೇಳಬೇಡ. ಎಂಟು ದಿನ ಅದರ ಎದುರು ಕೂತವನು ಅವನು, ನೀನಲ್ಲ.

ಚಿತ್ರವನ್ನು ಮುದುಕಿಯ ಹತ್ತಿರ ಒಯ್ದ. ಈ ಸಲ ಅವಳು ಹತ್ತಿರ ಹಿಡಿಯಲಿಲ್ಲ, ದೂರ ಹಿಡಿಯಲಿಲ್ಲ.

“ಹೂಂ, ಇದು ನನ್ನದೇ. ಬುಧವಾರ ಕೊಟ್ಟ ಹಣ್ಣು. ತೊಟ್ಟಿನ ಹತ್ತಿರ ಗೀರಿತ್ತು,” ಎಂದಳು.

ಸ್ವಾಮಿಗಳು ಕಥೆ ಮುಗಿಸಿ ಇನ್ನೊಂದು ಕಾಯಿ ಎತ್ತಿಕೊಂಡರು. ರೇವಣಸಿದ್ದನ ಕೈಯಲ್ಲಿ ಒಂದೇ ಅವರೆಕಾಯಿ ಎಷ್ಟೋ ಹೊತ್ತಿನಿಂದ ಹಾಗೇ ಇತ್ತು. ಅಕ್ಕನ ಹುಬ್ಬಿನ ಮೇಲಿದ್ದ ಗಾಯದ ಗುರುತು ಅವನಿಗೆ ನೆನಪಾಯಿತು. ಅದು ಎಡಗಡೆಯೋ ಬಲಗಡೆಯೋ ಎಂದು ಯೋಚಿಸಿದ. ತಿಳಿಯಲಿಲ್ಲ.

“ಆ ಹಳದಿ ನಿಜವಾಗಿಯೂ ಉಳಿದಿತ್ತೇ, ಬುದ್ಧಿ?”

“ಉಳಿದಿತ್ತು. ಅವನು ಬೇಡವೆಂದರೂ ಹೋಗುತ್ತಿರಲಿಲ್ಲ.”

ರೇವಣಸಿದ್ದನ ಎದೆ ಹಗುರವಾಯಿತು. ಎಷ್ಟೋ ದಿನದ ಮೇಲೆ ಒಂದು ಉಸಿರು ಸಲೀಸಾಗಿ ಹೊರಗೆ ಬಂತು.

“ಹಾಗಾದರೆ ನೋಡಿದರೂ ನಾನು ಕಳೆದುಕೊಳ್ಳುವುದೇನೂ ಇಲ್ಲ. ಒಳ್ಳೆಯದಾಯಿತು, ಬುದ್ಧಿ. ಈ ಪಾಠಗಳನ್ನು ಮುಗಿಸಿಕೊಂಡು ಮುಂದಿನ ವಾರ ಹೋಗಿ ಬರುತ್ತೇನೆ.”

ಸ್ವಾಮಿಗಳು ಮೊರವನ್ನು ಪಕ್ಕಕ್ಕೆ ಸರಿಸಿ, ಆಗ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

“ಆ ಹಣ್ಣು ಚಿತ್ರಗಾರನನ್ನು ಬಾ ಎಂದು ಕರೆದಿರಲಿಲ್ಲ, ರೇವಣ್ಣ, ನಿಮ್ಮಕ್ಕ ನಿನ್ನನ್ನು ಕರೆಯುತ್ತಿದ್ದಾಳೆ.”

ರೇವಣಸಿದ್ದ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರದಲ್ಲಿಟ್ಟು ಎದ್ದ.