ಪಾಲಯ್ಯ ಹೊಸ ಎಂಜಿನ್ ಪಳಗಿಸಿದ್ದು

ಕೇಳುವವರಿಗೆ ನಗು ಬರಲಿ, ಹೇಳುವವನಿಗೆ ಉಸಿರಿರಲಿ. ಕಂಬಳಿಹಟ್ಟಿ ಅಂತ ಒಂದು ಊರು. ಆ ಊರಲ್ಲಿ ಮಾರಕ್ಕ ಅಂತ ಒಬ್ಬ ತಾಯಿ. ಅವಳಿಗೆ ಪಾಲಯ್ಯ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲಷ್ಟು ಎತ್ತರ. ಮನಸ್ಸು ಹಾಲಿನಷ್ಟು ಬಿಳುಪು. ಬುದ್ಧಿಯ ವಿಚಾರ ಮಾತ್ರ ಕೇಳಬೇಡಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. "ಹಾಲು ಉಕ್ಕೋದು ನೋಡ್ಕೋ" ಅಂತ ಹೇಳಿ ಮಾರಕ್ಕ ನೀರಿಗೆ ಹೋದರೆ, ವಾಪಸ್ಸು ಬಂದಾಗ ಒಲೆಯೆಲ್ಲ ಹಾಲು. "ನೋಡ್ದೆ ಕಣವ್ವ, ಬಾಳ ಚೆನ್ನಾಗಿ ಉಕ್ತು" ಅನ್ನುತ್ತಿದ್ದ. ಅಂಥವನ ಜೊತೆ ಬಾಳುವುದೆಂದರೆ ಆ ತಾಯಿಗೆ ದಿನಕ್ಕೊಂದು ವನವಾಸ.

ಆದರೆ ಲಾರಿ ಓಡಿಸುವುದು ಮಾತ್ರ ಅವನಿಗೆ ಅಪ್ಪನಿಂದ ಬಂದಿತ್ತು. ಅಪ್ಪ ತೀರಿಹೋದ, ಲಾರಿ ಉಳಿಯಿತು. ಲಾರಿಯ ಹಣೆಯ ಮೇಲೆ ಆ ಅಪ್ಪನೇ ಪ್ರೀತಿಯಿಂದ ಕೆಂಪಕ್ಷರದಲ್ಲಿ 'ಮಾರಕ್ಕ' ಅಂತ ಬರೆಸಿದ್ದ. ಮೊನ್ನೆ ಅದರ ಎಂಜಿನ್ ಕೆಟ್ಟು ನಿಂತಿತು. ಪೇಟೆಯ ಮೆಕ್ಯಾನಿಕ್ ಬುಡೇನ್ ಸಾಬರು ಹೊಸ ಎಂಜಿನ್ ಕೂರಿಸಿದರು. ಕೂರಿಸಿ, ಕೈ ಒರೆಸಿಕೊಂಡು ಹೇಳಿದರು:

"ನೋಡಕ್ಕಾ, ಈ ಗಾಡಿಗೆ ಇದೇ ಕೊನೇ ಎಂಜಿನ್ನು. ಇದೂ ಹಾಳಾದ್ರೆ ಸೀದಾ ಗುಜರಿಗೆ. ಮೊದಲ ಸಾವಿರ ಕಿಲೋಮೀಟರ್ ಹುಷಾರು. ಅಲ್ಲೀವರೆಗೂ ಮಾಮೂಲಿ ಎಣ್ಣೇಲೇ ಓಡ್ಲಿ, ಒಳಗಿನ ಸಾಮಾನೆಲ್ಲ ಉಜ್ಜಿ ಉಜ್ಜಿ ಹೊಂದಿಕೊಳ್ಳಲಿ. ಆಮೇಲೆ ಆ ಎಣ್ಣೆ ಇಳಿಸಿ ಸಿಂಥೆಟಿಕ್ ಎಣ್ಣೆ ಹಾಕ್ತೀನಿ."

ಪಾಲಯ್ಯನ ಕಡೆ ತಿರುಗಿ, "ಸಾವಿರ ಆಗೋವರೆಗೂ ಹಸೀ ಬಾಣಂತೀನ ನೋಡ್ಕೊಂಡಂಗೆ ನೋಡ್ಕೋಬೇಕಪ್ಪ, ಗೊತ್ತಾಯ್ತಾ?" ಅಂದರು.

"ಆಯ್ತು ಸಾಬ್ರೇ, ಹಂಗೇ ಮಾಡ್ತೀನಿ!" ಅಂದ ಪಾಲಯ್ಯ.

ಗುಜರಿ ಅನ್ನುವ ಮಾತು ಮಾರಕ್ಕನ ಕಿವಿಗೆ ಬಿತ್ತು. ಯಾರೋ ಗ್ಯಾಸ್ ಕಟರ್ ಹಿಡಿದು ತನ್ನ ಹೆಸರನ್ನು 'ಮಾರ' ಒಂದು ಕಡೆ, 'ಕ್ಕ' ಒಂದು ಕಡೆ ಕತ್ತರಿಸಿ ಹಾಕುವುದು ಕಣ್ಣಿಗೆ ಕಟ್ಟಿತು. ಹೇಗಾದರೂ ಸರಿ, ಈ ಎಂಜಿನ್ ಉಳಿಯಬೇಕು ಅಂದುಕೊಂಡಳು.

ಮಾರನೇ ದಿನ ಹೊಲದಿಂದ ಬಂದು ನೋಡುತ್ತಾಳೆ, ಲಾರಿ ಮೂಲೆ ಹಿಡಿದು ನಿಂತಿದೆ! ಮೂತಿಯ ಮೇಲೆ ಕಂಬಳಿ. ಎರಡು ಕಡೆಯ ಕನ್ನಡಿಗೂ ಬಿಗಿಯಾಗಿ ಬಟ್ಟೆ ಸುತ್ತಿದೆ. ಬಾಗಿಲಿಗೆ ಬೇವಿನ ಸೊಪ್ಪು, ಸೀಟಿನ ಕೆಳಗೆ ಕುಡುಗೋಲು. ಅಡಿಯಿಂದ ಸಾಂಬ್ರಾಣಿ ಹೊಗೆ ಗಮಗಮ ಏಳುತ್ತಿದೆ. ಪಾಲಯ್ಯ ರೇಡಿಯೇಟರ್ ಮುಚ್ಚಳ ತೆಗೆದು, ಒಂದು ಪಾತ್ರೆ ಮೆಣಸಿನ ಸಾರು ಎತ್ತಿ ಹಿಡಿದಿದ್ದಾನೆ.

"ಏಯ್! ಏನ್ಲಾ ಅದು?" ಮಾರಕ್ಕ ಓಡಿಹೋಗಿ ಕೈ ಹಿಡಿದಳು.

"ಮೆಲ್ಲಗೆ ಮಾತಾಡವ್ವ! ಬಾಣಂತಿ ಮಲಗವ್ಳೆ. ಹನ್ನೊಂದು ದಿನ ಹೊರಗೆ ಬಿಡಂಗಿಲ್ಲ. ಕಿವಿಗೆ ಗಾಳಿ ಹೋಗಬಾರದು ಅಂತ ಕನ್ನಡಿಗೆ ಬಟ್ಟೆ ಕಟ್ಟೀನಿ."

"ಅಯ್ಯೋ ನನ್ನ ಹಣೇಬರವೇ! ಎಂಜಿನ್ ಪಳಗಬೇಕಾದ್ರೆ ಓಡಿಸ್ಬೇಕು ಕಣ್ಲಾ! ಒಂದೇ ವೇಗದಾಗೆ ಓಡಿಸ್ಬೇಡ. ಚೂರು ಜೋರು, ಚೂರು ನಿಧಾನ, ಚೂರು ಜೋರು, ಚೂರು ನಿಧಾನ, ಹಂಗೆ ಓಡಿಸು!"

"ಆಯ್ತವ್ವ, ಹಂಗೇ ಮಾಡ್ತೀನಿ!"

ಮೊದಲ ಬಾಡಿಗೆ ಕುಂಬಾರರ ಸಿದ್ದಮ್ಮನದು. ಸಂತೆಗೆ ಮುನ್ನೂರು ಮಡಕೆ. ಪಾಲಯ್ಯ ಹೊರಟ. ಚೂರು ಜೋರು, ಮಡಕೆಗಳೆಲ್ಲ ಹಿಂದಕ್ಕೆ ಧಡ್! ಚೂರು ನಿಧಾನ, ಮಡಕೆಗಳೆಲ್ಲ ಮುಂದಕ್ಕೆ ಧಡ್! ಚೂರು ಜೋರು ಧಡ್, ಚೂರು ನಿಧಾನ ಧಡ್! ಸಂತೆಯಲ್ಲಿ ಹಿಂದಿನ ಬಾಗಿಲು ಇಳಿಸಿದರೆ ಮಡಕೆ ಎಲ್ಲಿ? ಬರೀ ಚೂರು ಜರಜರ ಸುರಿಯಿತು. ಸಿದ್ದಮ್ಮ ಮಾರಕ್ಕನ ಮನೆ ಬಾಗಿಲಿಗೆ ಬಂದು ಸಂಜೆವರೆಗೂ ಬೈದಳು. ಮಾರಕ್ಕ ಅವಳ ಕೈಕಾಲು ಹಿಡಿದು, ನಷ್ಟ ಕಟ್ಟಿಕೊಡುತ್ತೇನೆ ಅಂತ ಒಪ್ಪಿಸಿ, ಮಜ್ಜಿಗೆ ಕುಡಿಸಿ ಕಳಿಸಿದಳು.

"ಅಯ್ಯೋ ನನ್ನ ಹಣೇಬರವೇ! ಹಿಂದೆ ಏನೈತೆ ಅಂತ ನೋಡೋದಲ್ವೇನ್ಲಾ? ತುಂಬಿದ ಕೊಡ ತಲೆ ಮೇಲೆ ಹೊತ್ತಂಗೆ ಹೋಗ್ಬೇಕು. ಅಲುಗಬಾರದು, ಕುಲುಕಬಾರದು, ದಾರೀಲಿ ಎಲ್ಲೂ ಗಕ್ಕಂತ ನಿಲ್ಲಿಸಬಾರದು!"

"ಆಯ್ತವ್ವ, ಹಂಗೇ ಮಾಡ್ತೀನಿ!"

ಎರಡನೇ ಬಾಡಿಗೆ ಮದುವೆಯದು. ಹೆಣ್ಣಿನ ಕಡೆಯವರು ಐವತ್ತು ಜನ, ಮದುವಣಗಿತ್ತಿ, ಓಲಗದವರು. ಆರು ಮೈಲಿ ಆಚೆಯ ಗಂಡಿನೂರಿಗೆ ಹೋಗಬೇಕು. ಪಾಲಯ್ಯ ಎಷ್ಟು ಚೆನ್ನಾಗಿ ಓಡಿಸಿದ ಅಂತೀರಿ! ಅಲುಗಾಟವಿಲ್ಲ, ಕುಲುಕಾಟವಿಲ್ಲ. ಮುದುಕಿಯರೆಲ್ಲ ಹೊಗಳಿದರು. ಗಂಡಿನೂರು ಬಂತು. ಚಪ್ಪರ ಕಂಡಿತು. ಆರತಿ ಹಿಡಿದವರು ಎದುರು ಬಂದರು. ಲಾರಿ ಚಪ್ಪರದ ಮುಂದೆ ಸುಯ್ಯಂತ ಹಾದುಹೋಯಿತು!

"ಏಯ್ ನಿಲ್ಸೋ!" ಅಂತ ಹಿಂದಿನವರು ಕ್ಯಾಬಿನ್ ಬಡಿದರು.

"ನಿಲ್ಲಿಸಂಗಿಲ್ಲ! ಅವ್ವ ಹೇಳವ್ಳೆ!"

ಡೀಸೆಲ್ ಮುಗಿದು ಲಾರಿ ತಾನೇ ನಿಂತದ್ದು ಮೂರು ಊರು ದಾಟಿದ ಮೇಲೆ. ಗಂಡಿನ ಕಡೆಯವರು ಎರಡು ಟ್ರ್ಯಾಕ್ಟರಿನಲ್ಲಿ ಬೆನ್ನಟ್ಟಿ ಬಂದರು. ಮುಹೂರ್ತ ಮೀರಬಾರದೆಂದು ಅಲ್ಲೇ ರಸ್ತೆ ಪಕ್ಕದ ಹುಣಸೆಮರದ ಕೆಳಗೆ ತಾಳಿ ಕಟ್ಟಿಸಿದರು. ಅಕ್ಷತೆಯಲ್ಲಿ ಅರ್ಧ ಗಂಡುಹೆಣ್ಣಿನ ಮೇಲೆ ಬಿತ್ತು, ಇನ್ನರ್ಧವನ್ನು ಜನ ಪಾಲಯ್ಯನ ಮುಖಕ್ಕೇ ಬೀಸಿ ಒಗೆದರು. ಆಶೀರ್ವಾದ ಅಂತ ತಿಳಿದು ಅವನು ಕೈಮುಗಿದ.

"ಅಯ್ಯೋ ನನ್ನ ಹಣೇಬರವೇ! ಮನುಷ್ಯರು ನಿಲ್ಸು ಅಂದ್ರೆ ನಿಲ್ಲಿಸ್ಬೇಕು ಕಣ್ಲಾ! ದಾರೀಲಿ ಯಾರಾದ್ರೂ ಕೈ ಎತ್ತಿದ್ರೂ ನಿಲ್ಸಿ, ಮರ್ಯಾದೆಯಿಂದ ಹತ್ತಿಸ್ಕೊಂಡು ಬಾ!"

"ಆಯ್ತವ್ವ, ಹಂಗೇ ಮಾಡ್ತೀನಿ!"

ಅದು ಸಜ್ಜೆ ತೆನೆ ಕಟ್ಟಿದ ಕಾಲ. ಮೂರನೇ ಬಾಡಿಗೆ ಮುಗಿಸಿ ಬಂದ ಪಾಲಯ್ಯ ಅಂಗಳದಲ್ಲಿ ಹಾರನ್ ಹೊಡೆದ. "ಅವ್ವಾ, ನೆಂಟ್ರು ಬಂದವ್ರೆ! ನೀರು ತಾ!"

ಮಾರಕ್ಕ ಚೊಂಬು ಹಿಡಿದು ಓಡಿಬಂದಳು. ನೋಡಿದರೆ ಲಾರಿಯ ತುಂಬ ಬೆರ್ಚಪ್ಪಗಳು! ಹಕ್ಕಿ ಬೆದರಿಸಲು ಹೊಲಹೊಲದಲ್ಲಿ ನೆಟ್ಟಿದ್ದ ಬೆರ್ಚಪ್ಪಗಳು, ಮಡಕೆಯ ತಲೆ, ಹರಕು ಅಂಗಿ, ಎತ್ತಿದ ಕೈ ಎತ್ತಿದ ಹಾಗೇ ಇದೆ. ಹದಿನೇಳು ಜನ! ಅವರಲ್ಲಿ ದಪ್ಪನೆಯ ಒಬ್ಬನನ್ನು ಪಾಲಯ್ಯ ಮುಂದಿನ ಸೀಟಿನಲ್ಲಿ ಕೂರಿಸಿದ್ದ.

"ಪಾಪ ಕಣವ್ವ, ಎರಡೂ ಕೈ ಎತ್ಕೊಂಡು ಬಿಸಿಲಲ್ಲಿ ನಿಂತಿದ್ರು. ಎಲ್ಲಿಳೀತೀರಾ ಅಂತ ಕೇಳಿದ್ರೆ ಒಬ್ರೂ ಬಾಯಿ ಬಿಡ್ಲಿಲ್ಲ. ಅದಕ್ಕೆ ಮನೇಗೇ ಕರ್ಕೊಂಡ್ಬಂದೆ."

ಆ ಹೊತ್ತಿಗೆ ಊರಿನ ಸಜ್ಜೆ ಹೊಲದಲ್ಲೆಲ್ಲ ಗಿಣಿಗಳಿಗೆ ಹಬ್ಬ. ಮಾರಕ್ಕ ಬೈಯಲು ಬಾಯಿ ತೆರೆದಳು, ಬೈಗುಳ ಬರಲಿಲ್ಲ, ನಗು ಬಂತು. ನಕ್ಕು ನಕ್ಕು ಜಗಲಿ ಮೇಲೆ ಕೂತುಬಿಟ್ಟಳು. ಎಂಥಾ ಮಗನನ್ನು ಹೆತ್ತೆನಪ್ಪಾ, ಬೆರ್ಚಪ್ಪನಿಗೂ ಬಾಯಾರಿಕೆ ಆಗುತ್ತದೆ ಅಂದುಕೊಳ್ಳುವ ಮಗ ಅಂತ ಅವಳಿಗೆ ಆ ಹೊತ್ತು ಮುದ್ದೇ ಉಕ್ಕಿತು. ಆಮೇಲೆ ತಾಯಿ ಮಗ ಇಬ್ಬರೂ ಸೇರಿ ಹದಿನೇಳು ನೆಂಟರನ್ನೂ ಅವರವರ ಹೊಲಕ್ಕೆ ಬಿಟ್ಟು ಬಂದರು.

ಹೀಗೇ ಬೀಳುತ್ತ ಏಳುತ್ತ ಸಾವಿರ ಕಿಲೋಮೀಟರ್ ಆಯಿತು. ಮಾರಕ್ಕ ಮಗನ ಜೊತೆ ತಾನೂ ಲಾರಿ ಹತ್ತಿ ಪೇಟೆಗೆ ಹೋದಳು. ಬುಡೇನ್ ಸಾಬರು ಎಂಜಿನ್ ಸದ್ದಿಗೆ ಕಿವಿಗೊಟ್ಟರು. ಮಾರಕ್ಕ ಸಾಬರ ಮುಖವನ್ನೇ ನೋಡಿದಳು.

"ವಾಹ್!" ಅಂದರು ಸಾಬರು. "ಜೇನು ಗುಂಯ್‌ಗುಟ್ಟಿದಂಗೈತೆ ಅಕ್ಕಾ! ಎಷ್ಟು ಚೆನ್ನಾಗಿ ಪಳಗಿಸವ್ನೆ ನಿನ್ನ ಮಗ!"

ಮಾರಕ್ಕನ ಕಣ್ಣಲ್ಲಿ ನೀರು ಬಂತು. ಸಾಬರು ಹಳೇ ಎಣ್ಣೆ ಇಳಿಸಿದರು. ಬೋಲ್ಟು ಬಿಗಿದು, ಫಿಲ್ಟರ್ ಬದಲಿಸಿ, ಸಿಂಥೆಟಿಕ್ ಎಣ್ಣೆ ತುಂಬಿದರು. ಮಿಕ್ಕಿದ ಎಣ್ಣೆಯ ಡಬ್ಬಿಯನ್ನು ಪಾಲಯ್ಯನ ಕೈಗಿತ್ತರು.

"ಇದು ಬಲೇ ಎಣ್ಣೆ ಕಣಪ್ಪ. ಇದನ್ನ ಹಾಕಿದ್ಮೇಲೆ ಮುಗೀತು. ಇನ್ನು ಹತ್ತು ಸಾವಿರ ಕಿಲೋಮೀಟರ್ ಆಗೋವರೆಗೂ ಎಂಜಿನ್ನಿಗೆ ಕೈ ಹಚ್ಚಂಗೇ ಇಲ್ಲ!"

"ಆಯ್ತು ಸಾಬ್ರೇ, ಹಂಗೇ ಮಾಡ್ತೀನಿ!"

ಇನ್ನೇನು ಭಯ ಅಂತ ಮಾರಕ್ಕ ಲಾರಿ ತರುವುದನ್ನು ಮಗನಿಗೆ ಬಿಟ್ಟು, ಕುರಿಗಳಿಗೆ ನೀರು ತೋರಿಸಲು ಬಸ್ಸು ಹಿಡಿದು ಮುಂಚೆ ಊರಿಗೆ ಬಂದಳು. ಬಂದು ಕಾದಳು. ಮಧ್ಯಾಹ್ನವಾಯಿತು, ಲಾರಿ ಇಲ್ಲ. ಹೊತ್ತು ವಾಲಿತು, ಲಾರಿ ಇಲ್ಲ. ಕೊನೆಗೆ ಊರಬಾಗಿಲಲ್ಲಿ ಗಂಟೆ ಸದ್ದು ಕೇಳಿಸಿತು. ನೋಡುತ್ತಾಳೆ, ನಾಲ್ಕು ಜೊತೆ ಎತ್ತು! ಎತ್ತಿನ ಹಿಂದೆ ಹಗ್ಗ, ಹಗ್ಗದ ಹಿಂದೆ ಲಾರಿ! ಒಳಗೆ ಸ್ಟೇರಿಂಗ್ ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೋ, ಬಸವಾ, ಹೋ!" ಅನ್ನುತ್ತ ಪಾಲಯ್ಯ!

ಮಾರಕ್ಕನ ಜೀವ ಬಾಯಿಗೆ ಬಂತು. "ಹಾಳಾಯ್ತೇನ್ಲಾ? ನಮ್ಮ ಎಂಜಿನ್ ಹಾಳಾಗೋಯ್ತೇನ್ಲಾ?"

"ಎಲ್ಲಿ ಹಾಳಾಗ್ತದವ್ವ! ಹೆಂಗಿತ್ತೋ ಹಂಗೇ ಐತೆ. ನಾನು ಕೈನೇ ಹಚ್ಚಿಲ್ಲ! ಪೇಟೆ ಬೀದಿ ಗಾಡಿಯವರೆಲ್ಲ ನಕ್ಕೋಂತ ನಕ್ಕೋಂತ ಎತ್ತು ಕೊಟ್ರು."

ಮಾರಕ್ಕನಿಗೆ ಹೋದ ಜೀವ ಬಂತು. ಎಂಜಿನ್ ಉಳಿದಿದೆ! ಅಷ್ಟು ಸಾಕು, ಮಿಕ್ಕದ್ದು ಏನಾದರೂ ಆಗಲಿ. "ಸರಿ, ನಿಲ್ಸು ಇಳಿ" ಅಂದಳು.

ಎತ್ತುಗಳು ನಿಲ್ಲಲಿಲ್ಲ. ಮನೆಯನ್ನು ದಾಟಿ ಮುಂದೆ ಹೊರಟವು.

"ನಿಲ್ಸೋ! ಮೂಗುದಾರ ಹಿಡಿದು ಎಳೆಯೋ!"

"ಹಂಗೆ ಮಾಡಂಗಿಲ್ಲವ್ವ! ಎತ್ತು ಪಾಪ ಸುಸ್ತಾಗಿದ್ವು. ಮಿಕ್ಕಿದ್ದ ಸಿಂಥೆಟಿಕ್ ಎಣ್ಣೇನ ಅವುಗಳ ಕಾಲಿಗೆ ತಿಕ್ಕಿಬಿಟ್ಟೆ. ಇನ್ನು ಹತ್ತು ಸಾವಿರ ಆಗೋವರೆಗೂ ಎತ್ತಿಗೂ ಕೈ ಹಚ್ಚಂಗಿಲ್ಲ!"

ಮಾರಕ್ಕ ಸೆರಗು ಸಿಕ್ಕಿಸಿಕೊಂಡು ಲಾರಿಯ ಹಿಂದೆ ಓಡಿದಳು. ಊರ ಜನವೆಲ್ಲ ಅವಳ ಹಿಂದೆ ಓಡಿತು. "ಲೇ ಪಾಲಯ್ಯಾ! ಈಗ ಎಲ್ಲಿಗೋ ಹೊಂಟೆ?"

ಪಾಲಯ್ಯ ಕಿಟಕಿಯಿಂದ ತಲೆ ಹಾಕಿ, ಹಲ್ಲೆಲ್ಲ ಕಾಣುವಂತೆ ನಕ್ಕು ಕೂಗಿದ:

"ಆರು ಕಿಲೋಮೀಟರ್ ಆಗೇಹೋಯ್ತವ್ವ! ಮಿಕ್ಕಿದ್ದೂ ಮುಗಿಸ್ಕೊಂಡು ಬಂದ್ಬಿಡ್ತೀನಿ. ನೀನು ಹೋಗಿ ಮುದ್ದೆ ಮಾಡಿಟ್ಟಿರು, ಆರೋದ್ರೊಳಗೆ ಬಂದೆ!"