ಏಳು ಮರಿಗಳ ಎಡಗಾಲು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲ್ ವಾರ್ಡನ್ ಶಕುಂತಲಾಬಾಯಿ. ನಗುತ್ತ ಶುರು ಮಾಡಿದ್ದರು. ಮುಗಿಸುವಾಗ ಮೂಗಿನ ತುದಿ ಕೆಂಪಾಗಿತ್ತು.

ಒಂದು ಸಂಸ್ಥಾನ. ಅಲ್ಲಿನ ದೊರೆಗೆ ಕುದುರೆಯ ಹುಚ್ಚು. ಅವನ ಲಾಯದಲ್ಲಿ ದಿಗ್ವಿಜಯ ಅಂತ ಒಂದು ಬೀಜದ ಕುದುರೆ. ಹಾಲಿನ ಬಣ್ಣ, ಬಿಲ್ಲಿನಂಥ ಕೊರಳು, ಹಣೆಯ ಮೇಲೆ ರಾಜಯೋಗದ ಸುಳಿ. ವರ್ಷಕ್ಕೊಮ್ಮೆ ಬೀಜದ ಕುದುರೆಗಳ ಪರೀಕ್ಷೆ. ಲಾಯದ ಮೇಲ್ವಿಚಾರಕ, ದರೋಗಾ ಯಶವಂತರಾಯ ಸುಳಿ ನೋಡುತ್ತಿದ್ದ, ಎತ್ತರ ಅಳೆಯುತ್ತಿದ್ದ, ಅಜ್ಜ ಮುತ್ತಜ್ಜಂದಿರ ಹೆಸರು ಓದುತ್ತಿದ್ದ. ಗೆದ್ದವನಿಗೆ ದೊರೆ ಹಾರ ಹಾಕುತ್ತಿದ್ದ. ಸತತ ಮೂರು ವರ್ಷ ಹಾರ ದಿಗ್ವಿಜಯನಿಗೇ.

ಊರೂರಿನ ಬಡವರು ತಮ್ಮ ಹೆಣ್ಣುಕುದುರೆಗಳನ್ನು ಇವನ ಹತ್ತಿರ ತರುತ್ತಿದ್ದರು. ಹುಟ್ಟಿದ ಮರಿಯ ಕಾಲು ಸೊಟ್ಟಗಿದ್ದರೆ ತಪ್ಪು ತಾಯಿಯದು. ಅಂಥ ತಾಯಿಯ ಕಿವಿ ಕತ್ತರಿಸುವುದು ಅಲ್ಲಿನ ಪದ್ಧತಿ. ಕಿವಿ ಹೋದ ಕುದುರೆಯನ್ನು ಸರಕಾರಿ ಹುಲ್ಲುಗಾವಲಿಗೆ ಬಿಡುತ್ತಿರಲಿಲ್ಲ. ಗಂಡು ಕುದುರೆಯ ಬಾಲದ ಕೂದಲನ್ನೂ ಯಾರೂ ಮುಟ್ಟುತ್ತಿರಲಿಲ್ಲ ಅನ್ನಿ.

ನಾಲ್ಕನೆಯ ವರ್ಷ ಪರೀಕ್ಷೆಯ ಮೈದಾನದ ಮೂಲೆಯಲ್ಲೇ, ಕಿವಿ ಕತ್ತರಿಸಲೆಂದು, ಏಳು ತಾಯಿ ಕುದುರೆಗಳನ್ನು ಮರಿಗಳ ಸಮೇತ ನಿಲ್ಲಿಸಿದ್ದರು. ಅವುಗಳಲ್ಲೊಂದು ಉಪ್ಪು ಮಾರುವ ಫಕೀರವ್ವನ ಕೆಂಚಿ. ಊರಿಂದೂರಿಗೆ ಚೀಲ ಹೊರುವುದು ಅದೇ. ಕೆಂಚಿಗೆ ಮೇವಿಲ್ಲ ಅಂದರೆ ಫಕೀರವ್ವನ ಒಲೆಯೂ ಆರಿದಂತೆ.

ಸರದಿ ಕಾಯುತ್ತ ಅವಳು ಮರಿಗಳನ್ನು ನೋಡಿದಳು. ಕೆಂಚಿಯ ಮರಿಯ ಮುಂದಿನ ಎಡಗಾಲು ಒಳಕ್ಕೆ ತಿರುಚಿತ್ತು. ಪಕ್ಕದ ಮರಿಯದೂ ಅದೇ ಕಾಲು. ಅದರಾಚೆಯದೂ ಅದೇ. ಎದ್ದು ಒಬ್ಬೊಬ್ಬರನ್ನೇ ಕೇಳಿದಳು, "ಇದರ ಅಪ್ಪ ಯಾರ್ರೀ?"

ಏಳು ಮಂದಿಯೂ ದಿಗ್ವಿಜಯನ ಕಡೆ ಕೈ ತೋರಿಸಿದರು.

ದೊರೆ ಹಾರ ಎತ್ತುವ ಹೊತ್ತಿಗೆ ಫಕೀರವ್ವ ಏಳೂ ಮರಿಗಳನ್ನು ಹೊಡೆದುಕೊಂಡು ಮೈದಾನದ ನಡುವೆ ಬಂದಳು.

"ಸರಕಾರ, ಹಾರ ಹಾಕೂಕಿಂತ ಮೊದಲ ಇವನ ಮಕ್ಕಳು ನಡಿಯೂದು ಒಮ್ಮೆ ನೋಡ್ರಿ."

ದರೋಗಾ ಅಡ್ಡ ಬಂದ. "ನೂಲಿನಂಗ ಸೀರಿ, ತಾಯಿಯಂಗ ಮಗಳು. ಕೇಳಿಲ್ಲೇನಬೇ?"

"ಕೇಳೀನ್ರಿ. ಏಳು ನೂಲು, ಏಳು ಊರಿನ್ವು. ಏಳೂ ಸೀರಿ ಒಂದ ಕಡೆ ಹರದಾವ. ಇನ್ನೂ ನೂಲಿಗೇ ಬಯ್ತೀರೋ, ಮಗ್ಗಾ ನೋಡ್ತೀರೋ?"

ದೊರೆ ದರೋಗಾನ ಕಡೆ ತಿರುಗಿದ. "ಇವನ ಮರಿಯೊಳಗ ನೆಟ್ಟಗ ನಡಿಯೂದು ಒಂದರ ಇದ್ದರ ತಗೊಂಡ ಬಾ."

"ಮರಿ ನೋಡಿ ಯಾರು ಬಹುಮಾನ ಕೊಡ್ತಾರ್ರಿ, ಮಹಾಸ್ವಾಮಿ? ಹಣಿಮ್ಯಾಲಿನ ಸುಳಿ ನೋಡ್ರಿ."

ದೊರೆ ಹಾರ ಕೆಳಗಿಟ್ಟ. ದಿಗ್ವಿಜಯ ಬರಿಗೊರಳಲ್ಲಿ ಲಾಯಕ್ಕೆ ಹೋಗಿ, ಏನೂ ಆಗದವನಂತೆ ಹುರುಳಿ ತಿಂದ. ಇನ್ನು ಮುಂದೆ ಮರಿಗಳನ್ನು ನಡೆಸಿ ತೋರಿಸದೆ ಯಾವ ಬೀಜದ ಕುದುರೆಗೂ ಹಾರವಿಲ್ಲ ಎಂದು ಡಂಗುರ ಸಾರಿದರು. ಏಳು ತಾಯಂದಿರ ಕಿವಿ ಉಳಿಯಿತು. ಎಂಥ ನ್ಯಾಯ, ಎಂಥ ದೊರೆ ಅಂತ ಜನ ಕೊಂಡಾಡಿದರು.

ಫಕೀರವ್ವ ಮಾತ್ರ ನಿಂತಲ್ಲೇ ನಿಂತು ಕೇಳಿದಳು, "ಹಿಂದಿನ ಮೂರು ವರ್ಷ ಕೊಯ್ದ ಕಿವಿಗೆ ಏನಂತೀರಿ, ಸರಕಾರ?"

ದೊರೆಗೆ ಕೇಳಿಸಲಿಲ್ಲ. ಅವನಿಗೆ ಎರಡೂ ಕಿವಿ ಇದ್ದವು.

ನೀತಿ: ತಂದೆಯ ಹಿರಿಮೆಯನ್ನು ಅವನ ಹಣೆಯಲ್ಲಲ್ಲ, ಅವನ ಮಕ್ಕಳ ನಡಿಗೆಯಲ್ಲಿ ಅಳೆಯಬೇಕು. ಮಕ್ಕಳ ಕೊರತೆಗೆ ತಾಯಿಯನ್ನು ದಂಡಿಸಲು ಹೊರಟವರು ಮೊದಲು ತಂದೆಯನ್ನೂ ಪರೀಕ್ಷೆಗೆ ನಿಲ್ಲಿಸಲಿ.

ಓದಿ ಸುಮ್ಮನಾಗಬೇಡಿ, ನಾಲ್ಕು ಜನಕ್ಕೆ ದಾಟಿಸಿ. ಗಂಡನ ಮನೆಯವರ ಗ್ರೂಪಿಗೆ ಮೊದಲು.